ಏಳು ಜನಕ್ಕೆ ಹಂಚಿದ ಮಾತು

ನಾನು ಮೂವತ್ತು, ನಲವತ್ತು ಪಾತ್ರಗಳ ನಾಟಕಗಳನ್ನೇ ಹುಡುಕಿ ಹುಡುಕಿ ಆರಿಸಿದ್ದು ಎಲ್ಲರಿಗೂ ಪಾತ್ರ ಸಿಗಲಿ ಎಂದಲ್ಲ. ಒಬ್ಬಳಿಗೆ ಪಾತ್ರ ಸಿಗದಿರಲಿ ಎಂದು.

ಇಷ್ಟು ಬರೆದು, ಪೆನ್ನು ಕೆಳಗಿಟ್ಟು, ಎದ್ದು ಹೋಗಿ ಚಹಾ ಮಾಡಿಕೊಂಡು ಬಂದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಈ ಸಲದ ರಾಜ್ಯೋತ್ಸವ ಸಂಚಿಕೆಗೆ ನನ್ನಿಂದ ಕೇಳಿದ್ದು ಬೇರೆಯೇ ಲೇಖನ — ಸಂಘಗಳಲ್ಲಿ, ಶಾಲೆಗಳಲ್ಲಿ ಆಡಲು ಹೆಚ್ಚು ಪಾತ್ರಗಳಿರುವ ನಾಟಕ ಆರಿಸುವುದು ಹೇಗೆ ಎಂಬುದರ ಬಗ್ಗೆ. ಹೈದರಾಬಾದಿನ ನಮ್ಮ ಕನ್ನಡಿಗರ ನಡುವೆ ಆ ವಿಷಯಕ್ಕೆ ವಿಮಲಾ ಟೀಚರನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂಬ ಹೆಸರಿದೆ. ಆ ಹೆಸರು ಬಂದದ್ದು ಹೇಗೆ ಎಂದು ಹೇಳಿಬಿಡುತ್ತೇನೆ. ಲೇಖನ ಬೇಕೆಂದವರು ಇದನ್ನೇ ಲೇಖನ ಎಂದುಕೊಳ್ಳಲಿ.

ಆ ಒಬ್ಬಳು ಎಂದರೆ ಗಿರಿಜಾ. ರಾಯಚೂರು ಕಡೆಯವಳು. ನಾನು ಧಾರವಾಡದವಳು. ಇಬ್ಬರ ಯಜಮಾನರೂ ಕೇಂದ್ರ ಸರ್ಕಾರದ ಒಂದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು, ನಾವು ಒಂದೇ ಕಾಲೊನಿಯಲ್ಲಿ ಬೇರೆ ಬೇರೆ ಸಾಲಿನ ಮನೆಗಳಲ್ಲಿ ಇದ್ದವರು. ಅವಳು ನನಗಿಂತ ಐದಾರು ವರ್ಷ ಚಿಕ್ಕವಳು. ಮೊದಲ ದಿನದಿಂದಲೂ ನನಗೆ 'ಅಕ್ಕಾರ' ಎನ್ನುತ್ತಾಳೆ. ಈಗಲೂ ಎನ್ನುತ್ತಾಳೆ.

ಸಂಘದ ನಾಟಕ ಶುರುವಾದ ಮೊದಲ ವರ್ಷ ನಾವು ಆಡಿದ್ದು ನಾಲ್ಕೇ ಪಾತ್ರದ ಒಂದು ಹಾಸ್ಯ ನಾಟಕ. ಮನೆಯೊಡತಿಯ ಪಾತ್ರ ನನ್ನದು. ಆರಂಭದಿಂದ ಕೊನೆಯವರೆಗೆ ರಂಗದ ಮೇಲೆ ನಾನೇ. ಗಿರಿಜಾಳದು ನೆರೆಮನೆಯ ಹೆಂಗಸು. ನಡುವೆ ಒಮ್ಮೆ ಬಟ್ಟಲು ಹಿಡಿದು ಹೆಪ್ಪಿಗೆ ಮೊಸರು ಕೇಳಲು ಬರುತ್ತಾಳೆ, ನಾಲ್ಕೈದು ಮಾತಾಡಿ ಹೋಗುತ್ತಾಳೆ. ಬಂದಳು. ಬಟ್ಟಲನ್ನು ಸೆರಗಿನಲ್ಲಿ ಒರೆಸಿದಳು, ಒಳಗೆ ಏನು ಅಡುಗೆಯಾಗಿದೆ ಎಂದು ಮೂಗಿನಲ್ಲೇ ನೋಡಿದಳು, ಕೇಳಬೇಕಾದ್ದನ್ನು ಬಿಟ್ಟು ನಮ್ಮ ಕ್ಷೇಮ ಕೇಳಿದಳು. ಸಭಾಂಗಣ ನಕ್ಕು ನಕ್ಕು ಸುಸ್ತಾಯಿತು. ಅವಳು ಒಳಗೆ ಹೋದ ಮೇಲೂ ಜನ ಅವಳು ಹೋದ ದಿಕ್ಕನ್ನೇ ನೋಡುತ್ತಿದ್ದರು. ನಾನು ನನ್ನ ಮಾತುಗಳನ್ನು ಗೋಡೆಗೆ ಹೇಳಿದಂತೆ ಹೇಳಿ ಮುಗಿಸಿದೆ.

ಆಗ ನಮ್ಮ ಅತ್ತೆ ಊರಿಂದ ಬಂದಿದ್ದರು. ಮನೆಗೆ ಬಂದು ಕೈಕಾಲು ತೊಳೆದು ಕೂತವರು ಯಾವ ಕೆಡುಕೂ ಇಲ್ಲದೆ ಅಂದರು: "ನೀ ಚೊಲೋ ಪಾರ್ಟ್ ಮಾಡಿದಿ ವಿಮಲಾ. ಆಕಿ ಮಾತ್ರ ಪಾರ್ಟ್ ಮಾಡಲಿಲ್ಲ ನೋಡು, ಖರೇನ ಹೆಪ್ಪ ಕೇಳಾಕ ಬಂದಿದ್ಳು."

ಇಷ್ಟೇ. ಒಂದು ಬಟ್ಟಲು ಹೆಪ್ಪು ನನ್ನ ಎದೆಯಲ್ಲಿ ಬಿತ್ತು; ಬೆಳಗಾಗುವುದರೊಳಗೆ ಗಟ್ಟಿಯಾಗಿತ್ತು.

ಮುಂದಿನ ವರ್ಷ ನಾಟಕ ಆರಿಸುವ ಕೆಲಸ ನನಗೇ ಬಂತು — ಪುಸ್ತಕ ಓದುವವಳು, ಟೀಚರ್, ಇನ್ಯಾರು? ಜನ ಆಗಲೇ ಗಿರಿಜಾಳಿಗೆ ದೊಡ್ಡ ಪಾರ್ಟ್ ಕೊಡಿ ಎನ್ನತೊಡಗಿದ್ದರು. ನಾನು ಇಲ್ಲ ಎನ್ನಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು — ಮೂವತ್ತೆಂಟು ಪಾತ್ರಗಳ ಒಂದು ನಾಟಕ ತಂದೆ. ಊರವರು, ಸಂತೆಯವರು, ಸೈನಿಕರು, ಹಕ್ಕಿಗಳು, ಗಿಡಗಳು ಕೂಡ. ಯಾರಿಗೂ ಹತ್ತು ಮಾತಿಗಿಂತ ಹೆಚ್ಚಿಲ್ಲ. ನಾನು ಅಭಿನಯವನ್ನೇ ಬಿಟ್ಟು ನಿರ್ದೇಶಕಿಯಾದೆ. ಅದನ್ನೂ ಜನ ತ್ಯಾಗವೆಂದರು. ಗಿರಿಜಾ ಸಂತೆಯಲ್ಲಿ ಬದನೆಕಾಯಿ ಮಾರುವವಳಾದಳು.

ಅದು ಗೆದ್ದಿತು. ಗೆಲ್ಲದೆ ಏನು? ಒಂದು ಮಗುವಿಗೆ ಒಂದು ಮಾತು ಕೊಟ್ಟರೆ ಅದರ ತಂದೆ, ತಾಯಿ, ಅಜ್ಜ, ಅಜ್ಜಿ, ಪಕ್ಕದ ಮನೆಯ ತೆಲುಗಿನವರು ಎಲ್ಲರೂ ಬಂದು ಕೂರುತ್ತಾರೆ. ಪಾತ್ರ ಎಷ್ಟೋ ಅದರ ಐದು ಪಟ್ಟು ಸಭೆ. ಮನೆಯಿಂದ ಹೊರಗೆ ಕಾಲಿಟ್ಟರೆ ತೆಲುಗು, ಶಾಲೆಯಲ್ಲಿ ಹಿಂದಿ ಎಂದು ಬೆಳೆಯುವ ನಮ್ಮ ಮಕ್ಕಳು ಆ ಒಂದು ಕನ್ನಡ ಮಾತನ್ನು ತಿಂಗಳುಗಟ್ಟಲೆ ಬಾಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದವು. ಪಾಳಿಯ ಕೆಲಸವೆಂದು ಯಾರಾದರೂ ಕೊನೆ ಗಳಿಗೆಯಲ್ಲಿ ಬರದಿದ್ದರೂ ನಾಟಕ ನಿಲ್ಲುತ್ತಿರಲಿಲ್ಲ. ನನ್ನ ಶಾಲೆಯಲ್ಲೂ ಹಾಗೇ ಮಾಡಿಸಿದೆ, ಮೆಚ್ಚಿಕೊಂಡರು. ಈ ಒಳ್ಳೆಯದೆಲ್ಲ ನಿಜ. ಸುಳ್ಳಾಗಿದ್ದರೆ ನಾನು ಬೇಗ ಸಿಕ್ಕಿಬೀಳುತ್ತಿದ್ದೆ.

ಈಗ ಹೇಳಬೇಕಾದ್ದು — ಇಲ್ಲಿಯವರೆಗಿನದು ಹೊಟ್ಟೆಕಿಚ್ಚು. ಅದು ಯಾರಿಗೆ ಇರುವುದಿಲ್ಲ? ಮುಂದಿನದು ಬೇರೆ.

ಒಂದು ವರ್ಷ ನನಗೊಂದು ನಾಟಕ ತುಂಬಾ ಹಿಡಿಸಿತು. ರಾಜನ ಯುದ್ಧಕ್ಕೆ ಊರಿನ ಗಂಡಸರನ್ನೆಲ್ಲ ಎಳೆದುಕೊಂಡು ಹೋಗುವ ಕಥೆ. ಬೇಕಾದಷ್ಟು ಪಾತ್ರಗಳು. ಆದರೆ ಕೊನೆಯಲ್ಲಿ ಒಬ್ಬ ತಾಯಿ ಹೊಸ್ತಿಲ ಮೇಲೆ ಕೂತು, ಮರಳಿ ಬಾರದ ಮಗನ ಬಗ್ಗೆ ನೆರೆಯವಳ ಹತ್ತಿರ ಮಾತಾಡುತ್ತಾಳೆ. ಎರಡು ಪುಟ ಅವಳದೊಂದೇ ಮಾತು. ಪಾತ್ರ ಹಂಚುವ ಮೊದಲೇ ಗಿರಿಜಾ ಅದನ್ನು ಬಾಯಿಪಾಠ ಮಾಡಿಬಿಟ್ಟಿದ್ದಳು. ಕಾಲೊನಿಯ ಕಮ್ಯುನಿಟಿ ಹಾಲಿನಲ್ಲಿ ಎಲ್ಲರೂ ಸುತ್ತ ಕೂತಿದ್ದಾಗ, ನನ್ನ ಬಳಿ ಬಂದು ನಾಚಿಕೊಂಡೇ ಕೇಳಿದಳು: "ಅಕ್ಕಾರ, ಇದನ್ನ ನಾ ಮಾಡಲೇನ್ರಿ? ಇಷ್ಟು ವರ್ಷ ಗುಂಪಿನ್ಯಾಗ ನಿಂತೀನಿ. ಒಮ್ಮಿ ಪೂರ್ತಿ ಮಾತಾಡಬೇಕು ಅನ್ನಿಸೇತ್ರಿ." ಹೇಳಿ ತೋರಿಸು ಎಂದು ಯಾರೋ ಅಂದರು. ಹೇಳಿದಳು. ನೆಲದ ಮೇಲೆ ಕೂತು, ಮಡಿಲಲ್ಲಿ ಕೈ ಇಟ್ಟುಕೊಂಡು, ದನಿ ಏರಿಸದೆ. ಕನ್ನಡ ಬಾರದ ಇಬ್ಬರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನಮ್ಮವರು ಕಣ್ಣೊರೆಸಿಕೊಂಡರು. ನಾನೂ — ಹೌದು, ನಾನೂ ಅತ್ತೆ. ಅಳುತ್ತಲೇ ನಿರ್ಧಾರ ಮಾಡಿದೆ.

ಎದ್ದು ನಿಂತು, ಟೀಚರ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಅಂದೆ: "ಗಿರಿಜಾ, ನಮ್ಮ ನಾಟಕದಾಗ ಎಲ್ಲಾರಿಗೂ ಪಾಲು ಇರಬೇಕು. ಎರಡು ಪುಟ ನೀ ಒಬ್ಬಾಕಿನ ನುಂಗಿದ್ರ ಉಳದವರು ಬಾಯಿ ಮುಚ್ಚಿಕೊಂಡು ನಿಲ್ಲಬೇಕೇನು? ಇಷ್ಟು ಆಸೆ ಒಳ್ಳೇದಲ್ಲ."

ನುಂಗಿದರೆ ಎಂದೆ. ಆಸೆ ಎಂದೆ. ಆ ಎರಡು ಶಬ್ದ ನನ್ನ ಬಾಯಿಂದ ಬಂದದ್ದು ಈಗಲೂ ನನಗೆ ಕೇಳಿಸುತ್ತದೆ. ಅವಳ ಮುಖ ಕೆಂಪಾಯಿತು. ಜಗಳವಾಡಿದ್ದರೆ ಚೆನ್ನಾಗಿತ್ತು. "ಹೌದ್ರಿ ಅಕ್ಕಾರ, ನಂದ ತಪ್ಪಾತು," ಎಂದಳು.

ಆಮೇಲೆ ನಾನು ಆ ಮಾತನ್ನು ಏಳು ತುಂಡು ಮಾಡಿದೆ. ಏಳು ಹೆಂಗಸರು ಸಾಲಾಗಿ ನಿಂತು ಒಬ್ಬ ತಾಯಿಯ ಮಾತನ್ನು ಹಂಚಿಕೊಂಡು ಹೇಳುವುದು — ಇದು ಒಬ್ಬ ತಾಯಿಯ ದುಃಖವಲ್ಲ, ಎಲ್ಲ ತಾಯಂದಿರದು ಎಂದು ಎಲ್ಲರಿಗೂ ವಿವರಿಸಿದೆ. ಹೊಸ ಪ್ರಯೋಗ ಎಂದರು. ಗಿರಿಜಾಳಿಗೆ ಬಂದ ತುಂಡು ಎರಡೇ ಶಬ್ದ: "ಅಂವ ಬರಲಿಲ್ಲ." ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಕುಣಿಯಬಲ್ಲವಳ ಕಾಲಡಿಯ ನೆಲವನ್ನೇ ಪಾಲು ಮಾಡಿ ಹಂಚಿದೆ.

ಉಳಿದ ಆರು ಜನಕ್ಕೆ ಮಾತು ಕಲಿಸಿದವಳು ಯಾರು ಗೊತ್ತೆ? ಗಿರಿಜಾನೇ. ಒಬ್ಬಳು ಇಲ್ಲೇ ಹುಟ್ಟಿ ತೆಲುಗು ಶಾಲೆಯಲ್ಲಿ ಓದಿದವಳು, ಅವಳಿಗೆ ಅಲ್ಪಪ್ರಾಣ ಮಹಾಪ್ರಾಣ ಎಲ್ಲ ತಿದ್ದಿ ಕೊಟ್ಟಳು. ನಾಟಕದ ದಿನ ಸಿಕಂದರಾಬಾದಿನ ಸಭಾಂಗಣ ತುಂಬಿತ್ತು. ಗಿರಿಜಾ ತನ್ನ ಎರಡು ಶಬ್ದ ಹೇಳಿದಳು. ಒಂದು ಕೆಮ್ಮೂ ಇಲ್ಲ. ಪಕ್ಕದಲ್ಲಿ ನಿಂತವಳು ತನ್ನ ಸರದಿ ಬಂದದ್ದನ್ನೇ ಮರೆತು ಅವಳ ಮುಖ ನೋಡುತ್ತ ನಿಂತಳು. ನಾನು ಪರದೆಯ ಹಿಂದಿನಿಂದ ಪಿಸುಗುಡಬೇಕಾಯಿತು. ಮುಗಿದ ಮೇಲೆ ಗಿರಿಜಾಳನ್ನು ಕರೆದು, ಅಷ್ಟು ಹೊತ್ತು ನಿಲ್ಲಿಸಿ ಹೇಳಿದರೆ ಮುಂದಿನವರಿಗೆ ತೊಂದರೆಯಾಗುತ್ತದೆ ಎಂದೆ. ಅಷ್ಟು ಸಣ್ಣವಳಾಗಿದ್ದೆ ನಾನು.

ಅದಾಗಿ ಎಷ್ಟೋ ವರ್ಷಗಳಾದವು. ಅವಳು ಒಂದೂ ವರ್ಷ ತಪ್ಪಿಸಲಿಲ್ಲ. ಕರೆದಾಗ ಬಂದಳು, ಗುಂಪಿನಲ್ಲಿ ನಿಂತಳು, ಮಕ್ಕಳಿಗೆ ಸೀರೆ ಉಡಿಸಿದಳು, ಚಕ್ಕುಲಿ ಹಂಚಿದಳು. ಪಾತ್ರ ಕೇಳಲಿಲ್ಲ. ನನಗೆ ಶಾಲು ಹೊದಿಸಿದರು — ಎಲ್ಲರಿಗೂ ಅವಕಾಶ ಕೊಟ್ಟ ತಾಯಿ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ನನಗೆ ಹೆಗಲ ಮೇಲೆ ಶಾಲನ್ನೇ ಇಟ್ಟರು. ಆ ಶಾಲು ಬೀರುವಿನಲ್ಲಿದೆ, ಮಡಿಕೆ ಬಿಚ್ಚಿಲ್ಲ.

ಈ ವರ್ಷ, ಲೇಖನ ಕೇಳಿದ ವಾರವೇ, ಗಿರಿಜಾ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತಂದಳು. ಅವಳ ಯಜಮಾನರು ನಿವೃತ್ತರಾಗುತ್ತಿದ್ದಾರೆ. ಸಂಕ್ರಾಂತಿ ಮುಗಿಸಿ ರಾಯಚೂರಿಗೆ ಹೋಗುತ್ತಾರಂತೆ. ಬಾಗಿಲವರೆಗೆ ಹೋದವಳು ತಿರುಗಿ ನಗುತ್ತ ಕೇಳಿದಳು: "ಇದ ಕಡೀದು ಅಕ್ಕಾರ. ಗುಂಪಿನ್ಯಾಗ ನನ್ನ ಜಾಗಾ ಇಟ್ಟೀರಲ್ರಿ?"

ನಾನು ಇಟ್ಟಿದ್ದೀನಿ ಎಂದೆ. ಅವಳು ಹೋದ ಮೇಲೆ ಲೇಖನ ಬರೆಯಲು ಕೂತೆ. 'ಮೊದಲನೆಯದಾಗಿ, ಎಲ್ಲರಿಗೂ ಪಾತ್ರ ಸಿಗಬೇಕು' — ಅಷ್ಟು ಬರೆದೆ. ಮುಂದೆ ಪೆನ್ನು ಓಡಲಿಲ್ಲ.

ಮುಂದಿನ ವಾರ ಗುಂಪಿನ ಹೆಂಗಸರಿಗೆ ಸೀರೆ ತರಲು ಇಬ್ಬರೂ ಸುಲ್ತಾನ್ ಬಜಾರಿಗೆ ಹೋದೆವು. ಪ್ರತಿ ವರ್ಷ ನಾವೇ ಹೋಗುವುದು. ಅಂಗಡಿಯವನು ಒಂದೇ ಅಂಚಿನ ಸೀರೆಗಳನ್ನು ರಾಶಿ ಹಾಕುತ್ತಿದ್ದ. ಗಿರಿಜಾ ಒಂದೊಂದನ್ನೂ ಬೆಳಕಿಗೆ ಹಿಡಿದು ಬಣ್ಣ ಬಿಡುತ್ತದೆಯೇ ನೋಡುತ್ತಿದ್ದಳು. ತನ್ನದನ್ನೂ ಆ ರಾಶಿಯಿಂದಲೇ ತೆಗೆದಿಟ್ಟುಕೊಂಡಳು, ಎಲ್ಲರಂಥದ್ದೇ. ನನಗೆ ತಡೆಯಲಾಗಲಿಲ್ಲ. "ಬ್ಯಾಡ ಗಿರಿಜಾ, ಇಡು. ನಿನ್ನ ಹಂತೇಕ ಒಂದು ಮಾತು ಹೇಳೋದೈತಿ," ಎಂದು ಹೊರಗೆ ಕರೆದುಕೊಂಡು ಬಂದೆ. ಅಂಗಡಿಯವನು ಹಿಂದಿನಿಂದ ಹಿಂದಿಯಲ್ಲಿ ಬೆಲೆ ಇಳಿಸುತ್ತಲೇ ಇದ್ದ.

ಮೋಸಂಬಿ ರಸದ ಅಂಗಡಿಯ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಹೆಪ್ಪಿನಿಂದ ಹಿಡಿದು. ಏಳು ತುಂಡಿನ ತನಕ. ಅವಳಿಗೆ ಇದೆಲ್ಲ ಗೊತ್ತೇ ಇರುತ್ತದೆ, ಗೊತ್ತಿದ್ದೂ ನುಂಗಿಕೊಂಡಿದ್ದಾಳೆ ಎಂದು ನಾನು ತಿಳಿದುಕೊಂಡಿದ್ದೆ. ಹಾಗೆ ತಿಳಿದುಕೊಳ್ಳುವುದರಲ್ಲಿ ನನಗೊಂದು ಅನುಕೂಲವಿತ್ತು.

ಅವಳಿಗೆ ಗೊತ್ತಿರಲಿಲ್ಲ.

ಲೋಟವನ್ನು ಬೆಂಚಿನ ಮೇಲಿಟ್ಟಳು. ಆಮೇಲೆ ಕೇಳಿದಳು: "ಅಂದ್ರ... ನಾ ಆಸೆಬುರುಕಿ ಅಲ್ಲೇನ್ರಿ?"

ಅಲ್ಲ ಎಂದೆ.

"ನಾ ಹಂಗ ತಿಳಕೊಂಡಿದ್ದೆ ಅಕ್ಕಾರ. ನೀವು ಓದಿದವರು, ಸುಳ್ಳ ಹೇಳಂಗಿಲ್ಲ ಅಂತ. ನನ್ನ ಬುದ್ಧೀನ ಸಣ್ಣದು, ನಾಕ ಮಂದಿ ಮುಂದ ಮೆರೀಬೇಕು ಅಂತೈತಿ ಅಂತ..." ನನ್ನ ಕಡೆ ತಿರುಗಿದಳು. "ಅನುಷಾ ಸಾಲ್ಯಾಗ ಒಬ್ಬಾಕಿನ ಹಾಡ್ತೀನಿ ಅಂದಾಗ ನಾ ಬ್ಯಾಡ ಅಂದೆ. ಎಲ್ಲಾರ ಜೋಡಿ ಹಾಡು, ಮುಂದ ಮುಂದ ಬೀಳಬ್ಯಾಡ ಅಂದೆ. ನಿಮ್ಮ ಮಾತ ಹೇಳಿದೆ ಆಕಿಗೆ. ವಿಮಲಾ ಟೀಚರ ಹಿಂಗ ಅಂತಾರ ಅಂತ."

ಅನುಷಾ ಅವಳ ಮಗಳು. ಈಗ ಇದೇ ಊರಿನ ಮಣಿಕೊಂಡದಲ್ಲಿದ್ದಾಳೆ, ಮದುವೆಯಾಗಿದೆ, ಕೆಲಸದಲ್ಲಿದ್ದಾಳೆ. ಚಿಕ್ಕವಳಿದ್ದಾಗ ಕಾಲೊನಿಯ ನೀರಿನ ಟ್ಯಾಂಕಿನ ಕೆಳಗೆ ನಿಂತು ದನಿ ಮೊಳಗುತ್ತದೆಂದು ಹಾಡುತ್ತಿದ್ದ ಹುಡುಗಿ. ಯಾವಾಗಿಂದ ಹಾಡುವುದನ್ನು ಬಿಟ್ಟಳು ಎಂದು ನಾನು ಯೋಚಿಸಿಯೇ ಇರಲಿಲ್ಲ — ನಾನು ತಾಯಿಯ ಬಾಯಿಗೆ ಹಾಕಿದ ಬೀಗ ಮಗಳ ಬಾಯಿಗೂ ಬಿದ್ದಿತ್ತು.

ಗಿರಿಜಾ ಎದ್ದಳು. ಜೊತೆಗೆ ಬರುತ್ತೇನೆ ಎಂದರೆ ಬೇಡವೆಂದು ಕೈ ಆಡಿಸಿ ಮೆಟ್ರೋ ಕಡೆ ನಡೆದಳು. ಹತ್ತು ಹನ್ನೆರಡು ದಿನ ಫೋನಿಲ್ಲ. ನಾನೂ ಮಾಡಲಿಲ್ಲ, ಕ್ಷಮೆಗೆ ಅವಸರ ಮಾಡುವುದೂ ಒಂದು ದೌರ್ಜನ್ಯವೇ. ಒಂದು ವಿಚಿತ್ರ ಹೇಳುತ್ತೇನೆ, ಕೇಳಿ ಬೈಯಬೇಡಿ. ಆ ದಿನಗಳಲ್ಲಿ ನನಗೆ ದುಃಖವಿತ್ತು, ನಾಚಿಕೆಯಿತ್ತು, ಅದೆಲ್ಲದರ ಕೆಳಗೆ — ಹಗುರವಿತ್ತು. ಊಟ ರುಚಿಸುತ್ತಿತ್ತು. ಇನ್ನು ಒಬ್ಬಳಾದರೂ ನನ್ನನ್ನು ತಪ್ಪಾಗಿ ಹೊಗಳುವುದಿಲ್ಲ ಎಂಬ ಹಗುರ.

ಒಂದು ಮಧ್ಯಾಹ್ನ ಬಾಗಿಲು ತಟ್ಟಿದಳು. ಒಳಗೆ ಬಂದು ಕೂತಳು, ನೀರು ಕುಡಿದಳು. ಕ್ಷಮಿಸಿದೆ ಎನ್ನಲಿಲ್ಲ.

"ಅವತ್ತು ನೀವು ಎಲ್ಲಾರ ಮುಂದ ಅಂದ್ರಿ," ಎಂದಳು. "ಖರೇ ಮಾತು ಮಾತ್ರ ನನ್ನೊಬ್ಬಾಕಿಗೆ ಹೇಳಿದ್ರ ಹ್ಯಾಂಗ್ರಿ ಅಕ್ಕಾರ? ಅದನ್ನೂ ಎಲ್ಲಾರಿಗೂ ಹಂಚ್ರಿ."

ಹಂಚುತ್ತೇನೆ ಎಂದೆ. ಅನುಷಾಳಿಗೂ ನಾನೇ ಹೇಳಬೇಕು ಎಂದಳು. ಹೇಳುತ್ತೇನೆ ಎಂದೆ. ಆಮೇಲೆ, ಎಷ್ಟೋ ವರ್ಷಗಳ ಮೇಲೆ, ಅವಳು ಪಾತ್ರ ಕೇಳಿದಳು. ಕೇಳಲಿಲ್ಲ, ಹೇಳಿದಳು: "ಆ ಹೊಸ್ತಿಲ ಮ್ಯಾಗಿನ ಮಾತು ಈ ಸಲ ನಾ ಮಾಡ್ತೀನಿ. ಪೂರ್ತಿ. ಎದುರಿಗೆ ನೆರೆಯಾಕಿ ಇರ್ತಾಳಲ್ರಿ, ಆಕಿದು ಮಾತಿಲ್ಲ. ಅದು ನಿಮ್ಮದು."

ಅನುಷಾಳಿಗೆ ಫೋನ್ ಮಾಡಿ ಹೇಳಿದೆ. ಎಲ್ಲ ಕೇಳಿಸಿಕೊಂಡು ಅಂದಳು: "ಆಂಟಿ, ನನಗ ಗುಸ್ಸಾ ಬಂದೈತಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಒಂದು ಹೇಳ್ತೀನಿ. ಆ ಡೈಲಾಗ್ ಮಮ್ಮಿ ಅಡಿಗಿ ಮನ್ಯಾಗ ರೊಟ್ಟಿ ಮಾಡ್ಕೋತ ಯಾವಾಗ್ಲೂ ಹೇಳ್ತಿದ್ಳು. ನನಗ ಪೂರಾ ಬಾಯಿಪಾಠ ಐತಿ. ಮಮ್ಮಿ ಸ್ಟೇಜ್ ಮ್ಯಾಲೆ ಹೇಳೋದು ನೋಡಾಕ ಬರ್ತೀನಿ." ನಿಮ್ಮನ್ನು ನೋಡಲು ಬರುತ್ತೇನೆ ಎನ್ನಲಿಲ್ಲ. ಸರಿಯೇ.

ಕಾರ್ಯದರ್ಶಿಗಳು ಈ ಬರಹ ಬೇಡವೆಂದರು. ಹಳೇ ಕಥೆ ಯಾಕ ಮೇಡಂ, ಹೆಸರು ಹಾಳಾಗುತ್ತದೆ ಎಂದರು. ಇಬ್ಬರೇ ಆಡಿದರೆ ಹಾಲ್ ತುಂಬುವುದಿಲ್ಲ ಎಂದೂ ಅಂದರು. ಅದು ಅವರ ನಿಜವಾದ ಚಿಂತೆ. ಮಕ್ಕಳ ದೊಡ್ಡ ನಾಟಕ ಮೊದಲು ನಡೆಯುತ್ತದೆ, ಗುಂಪಿನ ಹೆಂಗಸರೂ ಅದರಲ್ಲೇ ಇದ್ದಾರೆ, ಅದನ್ನು ಈ ಸಲ ಬೇರೆಯವರು ಆರಿಸಿ ಕಲಿಸಿದ್ದಾರೆ, ಪ್ರತಿ ಮಗುವಿಗೂ ಮಾತಿದೆ. ಆಮೇಲೆ ಇರುವವರು ಇರಲಿ, ಹೋಗುವವರು ಹೋಗಲಿ. ಈ ಬರಹ ಬಾರದಿದ್ದರೆ ಪರದೆ ಏಳುವ ಮೊದಲು ಮೈಕಿನಲ್ಲಿ ಓದುತ್ತೇನೆ ಎಂದೆ. ಅಚ್ಚು ಮಾಡಲು ಒಪ್ಪಿದರು. ಈ ಕೊನೆಯ ಭಾಗ ಆಮೇಲೆ ಸೇರಿಸಿದ್ದು.

ಹೆಚ್ಚು ಪಾತ್ರಗಳ ನಾಟಕ ಆರಿಸುವುದು ಹೇಗೆ ಎಂದು ಕೇಳಿದಿರಲ್ಲ. ಆರಿಸಿ, ಒಳ್ಳೆಯದೇ. ಆರಿಸುವಾಗ ಯಾರ ಮುಖ ಕಣ್ಣ ಮುಂದೆ ಬರುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ. ನನಗೆ ಗೊತ್ತಿರುವುದು ಅಷ್ಟೇ.

ತಾಲೀಮು ನಡೆದಿದೆ. ಗಿರಿಜಾಳ ದನಿ ಮೊದಲಿನಂತಿಲ್ಲ, ಸ್ವಲ್ಪ ಒಡೆದಿದೆ. ನೆಲದ ಮೇಲೆ ಕೂತರೆ ಏಳಲು ನನ್ನ ಕೈ ಹಿಡಿಯುತ್ತಾಳೆ. ಆದರೆ ಏಳು ತುಂಡುಗಳಲ್ಲಿ ಒಂದನ್ನೂ ಅವಳು ಮರೆತಿಲ್ಲ. ಎಲ್ಲಿ ನಾನು ಕತ್ತರಿ ಹಾಕಿದ್ದೆ ಎಂದು ನನಗೇ ಈಗ ಗುರುತು ಹತ್ತುವುದಿಲ್ಲ. ಮೊನ್ನೆ ನಡುವೆ ಥಟ್ಟನೆ ನಿಲ್ಲಿಸಿದಳು.

"ಅಕ್ಕಾರ, ತುಟಿ ಯಾಕ ಅಲ್ಲಾಡಸಾಕತ್ತೀರಿ?"

ಪರದೆಯ ಹಿಂದೆ ನಿಂತು ಎಲ್ಲರ ಮಾತನ್ನೂ ಪಿಸುಗುಟ್ಟಿ ಪಿಸುಗುಟ್ಟಿ ರೂಢಿಯಾಗಿಬಿಟ್ಟಿದೆ. ಅವಳ ಮಾತನ್ನು ನನ್ನ ಬಾಯಿ ತಾನಾಗಿಯೇ ಆಡುತ್ತಿತ್ತು.

"ನಿಮಗ ಮಾತಿಲ್ರಿ," ಎಂದಳು. "ಕೇಳ್ರಿ ಸುಮ್ನ."

ಕೇಳುವುದನ್ನು ಕಲಿಯುತ್ತಿದ್ದೇನೆ. ಇಷ್ಟು ಸುಖದ ಪಾತ್ರ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ನೀವು ಈ ಸಂಚಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಾಗ ನಾವಿಬ್ಬರೂ ರಂಗದ ಮೇಲೆ ಇರುತ್ತೇವೆ. ನನ್ನನ್ನು ನೋಡಬೇಡಿ, ಅವಳನ್ನು ಕೇಳಿ. ಆದರೆ ಅಪ್ಪಿತಪ್ಪಿ ನನ್ನ ತುಟಿ ಅಲ್ಲಾಡಿದ್ದು ಕಂಡರೆ, ಮುಂದಿನ ಸಾಲಿನವರು ಯಾರಾದರೂ ಸ್ವಲ್ಪ ಕೆಮ್ಮಿ.